ಕ್ರೂಗರ್ ಪಕ್ಕದ ಖಾಸಗಿ ಅಭಯಾರಣ್ಯದಲ್ಲಿ ತಂಗಿ ಕಾಡು ಸಿಂಹಗಳನ್ನು ಹುಡುಕುವ ಬಗ್ಗೆ ಸಲಹೆ ಬೇಕಾಗಿದೆ

ಬಸವನಗುಡಿ ವಾಸಿ:

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಿನಲ್ಲಿ ನಾನು, ನನ್ನ ಪತಿ ಹಾಗೂ ಎಪ್ಪತ್ತು ದಾಟಿರುವ ನಮ್ಮ ಅತ್ತೆಯವರು ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಗಡಿಗೆ ಹೊಂದಿಕೊಂಡಿರುವ ಖಾಸಗಿ ಅಭಯಾರಣ್ಯದಲ್ಲಿ ಕೆಲವು ರಾತ್ರಿ ತಂಗಬೇಕೆಂದಿದ್ದೇವೆ. ಸಾಬಿ ಸ್ಯಾಂಡ್ ಮತ್ತು ಟಿಂಬಾವಟಿ ಎಂಬ ಎರಡು ಹೆಸರುಗಳ ನಡುವೆ ಮನಸ್ಸು ತೂಗಾಡುತ್ತಿದೆ. ಅತ್ತೆಯವರಿಗಿರುವುದು ಒಂದೇ ಆಸೆ: ಯಾರ ಹಂಗೂ ಇಲ್ಲದೆ ತಾನೇ ಬೇಟೆಯಾಡಿ ಬದುಕುವ ಸಿಂಹವನ್ನು ನೋಡಬೇಕು. ಮಾವನವರು ಅರಣ್ಯ ಇಲಾಖೆಯಲ್ಲಿದ್ದಾಗ ಅತ್ತೆಯವರು ಹಲವು ವರ್ಷ ನಾಗರಹೊಳೆಯ ಅಂಚಿನಲ್ಲಿ ಸಂಸಾರ ಮಾಡಿದವರು. ಕಡವೆಯ ಕೂಗು, ಮುಸುವದ ಕೆಮ್ಮು ಕೇಳಿಸಿದರೆ ಹುಲಿ ಯಾವ ಮಗ್ಗುಲಿನಲ್ಲಿದೆ ಎಂದು ಈಗಲೂ ಹೇಳಬಲ್ಲರು. ಬನ್ನೇರುಘಟ್ಟದಲ್ಲಿ ಜಾಲರಿ ಹಾಕಿದ ಬಸ್ಸಿನೊಳಗೆ ಕುಳಿತು ಸಿಂಹಗಳನ್ನು ನೋಡಿದ್ದು ತಮ್ಮ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ.

ನನ್ನ ಸಂದೇಹಗಳು ಇಷ್ಟು. ಖಾಸಗಿ ಅಭಯಾರಣ್ಯವೆಂದರೆ ಬೇಲಿಯೊಳಗೆ ಪ್ರಾಣಿಗಳನ್ನು ತಂದು ಬಿಟ್ಟಿರುವ ಜಾಗವೇ, ಅಥವಾ ಅಲ್ಲಿನ ಸಿಂಹಗಳು ನಿಜಕ್ಕೂ ಕಾಡಿನವೇ? ನಮ್ಮ ಕಾಡುಗಳಲ್ಲಿ ಹುಲಿಯನ್ನು ಹುಡುಕುವ ರೀತಿಯಲ್ಲಿಯೇ ಅಲ್ಲಿಯೂ ಸಿಂಹವನ್ನು ಹುಡುಕುತ್ತಾರೆಯೇ? ಇರುವ ರಾತ್ರಿಗಳನ್ನು ಎರಡು ಅಭಯಾರಣ್ಯಗಳಿಗೆ ಹಂಚಿದರೆ ಸಿಂಹ ಕಾಣುವ ಸಾಧ್ಯತೆ ಹೆಚ್ಚುತ್ತದೆಂದು ಪ್ರವಾಸ ಏಜೆಂಟರು ಹೇಳುತ್ತಿದ್ದಾರೆ, ಇದು ಸರಿಯೇ? ಇಷ್ಟು ದೂರ ಹೋಗುವ ಬದಲು ಗುಜರಾತಿನ ಗಿರ್‌ಗೆ ಹೋಗಬಾರದೇಕೆ ಎಂದು ನೆಂಟರೊಬ್ಬರು ಕೇಳಿದ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ಹೋಗಿಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಮಲ್ಲೇಶ್ವರದ ಕಾಡುಪ್ರೇಮಿ:

ಮೇಡಂ, ನಮಸ್ಕಾರ. ಮೊದಲು ಬೇಲಿಯ ವಿಷಯ. ನೀವು ಹೆಸರಿಸಿರುವ ಎರಡೂ ಅಭಯಾರಣ್ಯಗಳಿಗೂ ಕ್ರೂಗರ್‌ಗೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದುಹಾಕಲಾಯಿತು. ಅಂದಿನಿಂದ ಸಿಂಹ, ಆನೆ, ಕಾಡೆಮ್ಮೆಗಳೆಲ್ಲ ಎರಡೂ ಕಡೆ ತಮ್ಮ ಇಷ್ಟದಂತೆ ಓಡಾಡುತ್ತಿವೆ. ಹಳ್ಳಿಗಳಿರುವ ಪಶ್ಚಿಮದ ಹೊರ ಅಂಚಿನಲ್ಲಿ ಮಾತ್ರ ಬೇಲಿ ಉಳಿದಿದೆ. ಕ್ರೂಗರ್ ಒಂದೇ ಸುಮಾರು 19,500 ಚದರ ಕಿಲೋಮೀಟರ್ ವಿಸ್ತಾರವಿರುವುದರಿಂದ, ಅಲ್ಲಿ ಇಂದು ನಿಮಗೆ ಕಾಣುವ ಗಂಡು ಸಿಂಹ ನಾಳೆ ಯಾವ ವಾಹನವೂ ತಲುಪಲಾಗದ ಕಡೆ ಇರಬಹುದು. ಅವುಗಳಿಗೆ ಯಾರೂ ಆಹಾರ ಹಾಕುವುದಿಲ್ಲ. ನಿಮ್ಮ ಅತ್ತೆಯವರ ಲೆಕ್ಕಕ್ಕೆ ಅವು ಖಂಡಿತ ಬರುತ್ತವೆ.

ಇನ್ನು ಹುಡುಕುವ ರೀತಿ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಹೋಗುವ ಬಹಳಷ್ಟು ಜನ ಇದನ್ನು ಗಮನಿಸದೆಯೇ ಹಿಂತಿರುಗುತ್ತಾರೆ. ಅಲ್ಲಿ ಛಾವಣಿಯಿಲ್ಲದ ವಾಹನವನ್ನು ರೇಂಜರ್ ಓಡಿಸಿದರೆ, ಮುಂಭಾಗದ ಎಡಮೂಲೆಯಲ್ಲಿ, ಬಾನೆಟ್ಟಿನ ಅಂಚಿಗೆ ಜೋಡಿಸಿದ ಸಣ್ಣ ಆಸನದ ಮೇಲೆ ಹೆಜ್ಜೆಗುರುತು ಓದುವ ಟ್ರ್ಯಾಕರ್ ಕುಳಿತಿರುತ್ತಾರೆ. ಅವರಲ್ಲಿ ಅನೇಕರು ಆ ಭಾಗದ ಶಂಗಾನ್ ಸಮುದಾಯದವರು, ಚಿಕ್ಕಂದಿನಿಂದ ಆ ಮಣ್ಣನ್ನು ಬಲ್ಲವರು. ಬೆಳಗಿನ ಜಾವ ಹೊರಟ ಮೇಲೆ ಅವರ ಕಣ್ಣು ದಾರಿಯ ಮರಳನ್ನು ಬಿಟ್ಟು ಕದಲುವುದಿಲ್ಲ. ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದಿಲ್ಲ, ಅಂಗಾಲಿನ ಹಿಂಬದಿ ಮೂರು ಉಬ್ಬುಗಳಾಗಿ ಒಡೆದಿರುತ್ತದೆ. ಕತ್ತೆಕಿರುಬದ ಹೆಜ್ಜೆಯಲ್ಲಾದರೆ ಉಗುರುಗಳು ಎದ್ದು ಕಾಣುತ್ತವೆ. ಇಷ್ಟನ್ನು ನಿಮ್ಮ ಅತ್ತೆಯವರೂ ಹೇಳಬಲ್ಲರು. ಆದರೆ ಟ್ರ್ಯಾಕರ್ ನಿಜವಾಗಿ ಲೆಕ್ಕ ಹಾಕುವುದು ಆ ಹೆಜ್ಜೆಗೆ ಎಷ್ಟು ಹೊತ್ತಾಗಿದೆ ಎಂಬುದನ್ನು. ಹಿಂದಿನ ಸಂಜೆ ಹೋದ ವಾಹನದ ಚಕ್ರದ ಗುರುತಿನ ಮೇಲೆ ಹೆಜ್ಜೆ ಬಿದ್ದಿದ್ದರೆ ಸಿಂಹ ಹಾದುಹೋದದ್ದು ಆ ವಾಹನ ಹೋದ ನಂತರ. ಆ ಹೆಜ್ಜೆಯ ಮೇಲೆ ರಾತ್ರಿ ತಿರುಗುವ ಹುಳುಗಳು ಎಳೆದ ಸಣ್ಣ ಗೆರೆಗಳಿದ್ದರೆ ಅದಕ್ಕೆ ಹಲವು ಗಂಟೆಗಳಾಗಿವೆ. ಅಂಚು ಇನ್ನೂ ಚೂಪಾಗಿದ್ದು, ಮೇಲೆ ಒಂದು ಎಲೆಯೂ ಬೀಳದಿದ್ದರೆ ಅವರು ಕೈಯೆತ್ತಿ ವಾಹನವನ್ನು ನಿಲ್ಲಿಸುತ್ತಾರೆ.

ಆಮೇಲೆ ನಡೆಯುವುದು ನನಗೆ ಅತ್ಯಂತ ಇಷ್ಟವಾದ ಭಾಗ. ಹೆಜ್ಜೆಗಳು ದಾರಿ ಬಿಟ್ಟು ಪೊದೆಗಳೊಳಗೆ ಇಳಿದವು ಎಂದಿಟ್ಟುಕೊಳ್ಳಿ. ಅವರು ತಕ್ಷಣ ಬೆನ್ನಟ್ಟುವುದಿಲ್ಲ. ಆ ಪೊದೆಗಾಡನ್ನು ಸುತ್ತುವರಿದಿರುವ ಎಲ್ಲ ದಾರಿಗಳಲ್ಲಿಯೂ ನಿಧಾನವಾಗಿ ಒಂದು ಸುತ್ತು ಹಾಕಿ, ಬೇರೆ ಯಾವ ಬದಿಯಲ್ಲಾದರೂ ಹೆಜ್ಜೆಗಳು ಹೊರಬಂದಿವೆಯೇ ಎಂದು ನೋಡುತ್ತಾರೆ. ಹೊರಬಂದಿದ್ದರೆ ಹುಡುಕಾಟ ಮುಂದಿನ ತುಂಡಿಗೆ ಸಾಗುತ್ತದೆ. ಬಂದಿಲ್ಲವೆಂದರೆ ಸಿಂಹ ಒಳಗೇ ಇದೆ. ಆಗ ಟ್ರ್ಯಾಕರ್ ಕೆಳಗಿಳಿದು ಕಾಲ್ನಡಿಗೆಯಲ್ಲಿ ಒಳಹೋಗುವುದೂ ಉಂಟು. ನಡುನಡುವೆ ಎಂಜಿನ್ ಆರಿಸಿ ಎಲ್ಲರೂ ಕಿವಿಗೊಟ್ಟು ಕುಳಿತಿರಬೇಕಾಗುತ್ತದೆ. ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು. ಆದ್ದರಿಂದ ಬೆಳಗಿನ ಜಾವ ಎಚ್ಚರವಾದಾಗ ಗರ್ಜನೆ ಕೇಳಿಸಿದರೆ ಅದು ಯಾವ ದಿಕ್ಕಿನಿಂದ ಬಂತೆಂದು ನೆನಪಿಟ್ಟುಕೊಂಡು ರೇಂಜರ್‌ಗೆ ತಿಳಿಸುವಂತೆ ಅತ್ತೆಯವರಿಗೆ ಹೇಳಿ. ಅಂಥ ಸುಳಿವನ್ನು ಅವರು ಸಂತೋಷದಿಂದ ಬಳಸಿಕೊಳ್ಳುತ್ತಾರೆ.

ಎಚ್ಚರಿಕೆಯ ಕೂಗಿನ ವಿಷಯದಲ್ಲಿ ಮಾತ್ರ ನಾಗರಹೊಳೆಯ ಪಾಠವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಬಯಲಿನಲ್ಲಿ ಕಣ್ಣಿಗೆ ಬೀಳುವಂತೆ ಮಲಗಿರುವ ಸಿಂಹವನ್ನು ಕಂಡು ಇಂಪಾಲ ಎಂಬ ಜಿಂಕೆಯಂಥ ಪ್ರಾಣಿಗಳು ಕೂಗದೆಯೇ ಇರಬಹುದು. ಅವು ಮೇಯುವುದನ್ನು ನಿಲ್ಲಿಸಿ, ಎಲ್ಲವೂ ಒಂದೇ ಕಡೆಗೆ ಮುಖಮಾಡಿ ನಿಲ್ಲುತ್ತವೆ. ಜಿರಾಫೆಯೊಂದು ಕದಲದೆ ಒಂದೇ ಜಾಗವನ್ನು ದಿಟ್ಟಿಸುತ್ತಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬಾರದು. ರಣಹದ್ದುಗಳನ್ನೂ ನಿಧಾನವಾಗಿ ಓದಬೇಕು. ಮುಂಜಾನೆ ಅವು ಮರದಲ್ಲಿದ್ದರೆ ರಾತ್ರಿ ಅಲ್ಲಿಯೇ ಕಳೆದಿರಬಹುದಷ್ಟೆ. ಬಿಸಿಲೇರಿದ ಮೇಲೂ ಕೆಳಗೆ ನೋಡುತ್ತಾ ಕೊಂಬೆಯಲ್ಲಿಯೇ ಕುಳಿತಿವೆಯೆಂದರೆ ಬೇಟೆಯ ಬಳಿ ಸಿಂಹಗಳು ಇನ್ನೂ ಇವೆಯೆಂದು ಅನುಮಾನಿಸಬಹುದು. ಅವು ನೆಲಕ್ಕಿಳಿದು ತಿನ್ನುತ್ತಿದ್ದರೆ ಸಿಂಹಗಳು ಎದ್ದುಹೋಗಿರುವ ಸಾಧ್ಯತೆಯೇ ಹೆಚ್ಚು.

ಇವೆಲ್ಲ ಕಾರಣಗಳಿಂದಲೇ ಏಜೆಂಟರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಅಭಯಾರಣ್ಯದಲ್ಲಿ, ಒಂದೇ ಲಾಡ್ಜಿನಲ್ಲಿ, ಸಾಧ್ಯವಾದರೆ ಅದೇ ರೇಂಜರ್ ಮತ್ತು ಅದೇ ಟ್ರ್ಯಾಕರ್ ಜೊತೆ ಎಲ್ಲ ರಾತ್ರಿಗಳನ್ನೂ ಕಳೆಯಿರಿ. ನಿನ್ನೆ ಸಂಜೆ ಸಿಂಹಿಣಿಗಳು ಎಲ್ಲಿ ಮಲಗಿದ್ದವು, ಯಾವ ಕಾಡೆಮ್ಮೆ ಹಿಂಡಿನ ಬೆನ್ನುಹತ್ತಿದ್ದವು ಎಂಬುದು ತಿಳಿದಿದ್ದರೆ ಇಂದು ಬೆಳಗಿನ ಹುಡುಕಾಟ ಅಲ್ಲಿಂದಲೇ ಆರಂಭವಾಗುತ್ತದೆ. ಜಾಗ ಬದಲಾಯಿಸಿದರೆ ಆ ತಿಳಿವಳಿಕೆಯೆಲ್ಲ ಅಲ್ಲಿಗೇ ಮುಗಿಯಿತು, ಮೇಲಾಗಿ ಒಂದು ಬೆಳಗಿನ ಮತ್ತು ಒಂದು ಸಂಜೆಯ ಸುತ್ತಾಟ ಪ್ರಯಾಣದಲ್ಲಿ ಕಳೆದುಹೋಗುತ್ತದೆ. ಸಿಂಹಗಳು ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆ ನಿದ್ರೆ, ವಿಶ್ರಾಂತಿಯಲ್ಲಿಯೇ ಕಳೆಯುತ್ತವೆ. ಹಗಲಿನಲ್ಲಿ ಮಲಗಿದ್ದ ಗುಂಪನ್ನು ಗುರುತಿಟ್ಟುಕೊಂಡು, ಕತ್ತಲಾಗುವ ಹೊತ್ತಿಗೆ ಅವು ಮೈಮುರಿದು ಏಳುವಾಗ ಅಲ್ಲಿಗೆ ಮರಳಿ ಹೋಗುವುದು ಒಂದೇ ಕಡೆ ತಂಗಿದವರಿಗೆ ಮಾತ್ರ ಸಾಧ್ಯ.

ವಿಜಯನಗರದ ಓದುಗ:

ಗಿರ್ ಬಗ್ಗೆ ನಾನು ಉತ್ತರಿಸುತ್ತೇನೆ. ನೀವು ಜುಲೈನಲ್ಲಿಯೇ ಹೋಗುವುದಾದರೆ ಈ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ, ಏಕೆಂದರೆ ಗಿರ್ ಕಾಡು ಪ್ರತಿವರ್ಷ ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಆ ಅವಧಿಯಲ್ಲಿ ಕೆಲವರು ದೇವಾಳಿಯಾಕ್ಕೆ ಕರೆದೊಯ್ಯುತ್ತಾರೆ. ಅದು ಸುಮಾರು ನಾಲ್ಕು ಚದರ ಕಿಲೋಮೀಟರಿನ ಬೇಲಿಯೊಳಗಿನ ಉದ್ಯಾನವಾದ್ದರಿಂದ ಅತ್ತೆಯವರಿಗೆ ಒಪ್ಪಿಗೆಯಾಗಲಾರದು.

ಆದರೂ ಗಿರ್ ಅನ್ನು ಆಫ್ರಿಕಾಕ್ಕೆ ಹೋಗಲಾಗದವರ ಎರಡನೆಯ ಆಯ್ಕೆಯೆಂದು ಯಾರೂ ಭಾವಿಸಬಾರದು. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಜಗತ್ತಿನಲ್ಲಿ ಅದೊಂದೇ ಸೀಮೆಯಲ್ಲಿ. 2020ರಲ್ಲಿ 674 ಇದ್ದ ಸಂಖ್ಯೆ 2025ರ ಗಣತಿಯಲ್ಲಿ 891ಕ್ಕೆ ಏರಿದೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಿರ್ ರಕ್ಷಿತಾರಣ್ಯದ ಹೊರಗೆ, ಹೊಲ, ತೋಟ, ಕರಾವಳಿಯ ಕುರುಚಲು ಕಾಡುಗಳಲ್ಲಿ ಬದುಕುತ್ತಿವೆ. ಅಲ್ಲಿನ ಗಂಡು ಸಿಂಹದ ಕೇಸರ ತೆಳುವಾಗಿರುವುದರಿಂದ ಕಿವಿಗಳು ಸ್ಪಷ್ಟವಾಗಿ ಕಾಣುತ್ತವೆ, ಹೊಟ್ಟೆಯ ಕೆಳಗೆ ಉದ್ದಕ್ಕೂ ಚರ್ಮದ ಮಡಿಕೆ ಇಳಿಬಿದ್ದಿರುತ್ತದೆ. ಗಂಡುಗಳು ಹೆಣ್ಣುಗಳ ಗುಂಪಿನೊಂದಿಗೆ ಸದಾ ಇರುವುದಿಲ್ಲ; ಕೂಡುವ ಕಾಲದಲ್ಲಿ, ಇಲ್ಲವೇ ದೊಡ್ಡ ಬೇಟೆ ಸಿಕ್ಕಾಗ ಮಾತ್ರ ಜೊತೆಗೂಡುತ್ತವೆ. ಕಾಡಿನೊಳಗೇ ಎಮ್ಮೆ ಸಾಕಿಕೊಂಡು ಬದುಕುವ ಮಾಲ್ಧಾರಿಗಳ ನೆಸ್ ಎಂಬ ಪುಟ್ಟ ಹಟ್ಟಿಗಳ ಪಕ್ಕದಲ್ಲಿಯೇ ಅವು ಹಾದುಹೋಗುವುದನ್ನು ನೋಡುವುದು ಬೇರೆಲ್ಲಿಯೂ ಸಿಗದ ಅನುಭವ.

ಹುಡುಕಾಟದ ಸ್ವಾತಂತ್ರ್ಯ ಮಾತ್ರ ಗಿರ್‌ನಲ್ಲಿ ಕಡಿಮೆ. ಮೊದಲೇ ಪರವಾನಗಿ ಪಡೆದಿರಬೇಕು, ಗೊತ್ತುಪಡಿಸಿದ ಮಾರ್ಗ ಬಿಟ್ಟು ವಾಹನ ಕದಲುವಂತಿಲ್ಲ, ರಾತ್ರಿ ಸುತ್ತಾಟವಿಲ್ಲ, ಸುಮಾರು ಮೂರು ಗಂಟೆಯೊಳಗೆ ಹೊರಬರಬೇಕು. ಮಲ್ಲೇಶ್ವರದವರು ವರ್ಣಿಸಿದಂತೆ ಹೆಜ್ಜೆ ಹಿಡಿದು ಹೋಗುವ ಅವಕಾಶ ಪ್ರವಾಸಿಗೆ ಇಲ್ಲಿ ಸಿಗುವುದಿಲ್ಲ. ಈ ಸಲ ಕ್ರೂಗರ್ ಕಡೆಗೆ ಹೋಗಿ, ಮುಂದೊಂದು ಚಳಿಗಾಲದಲ್ಲಿ ಅತ್ತೆಯವರನ್ನು ಗಿರ್ ಕಾಡಿನ ಬಾಗಿಲಿನಂತಿರುವ ಸಾಸಣ್‌ಗೂ ಕರೆದುಕೊಂಡು ಹೋಗಿ.

ಬಸವನಗುಡಿ ವಾಸಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಲ್ಲೇಶ್ವರದವರ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಿದೆ. ರಣಹದ್ದುಗಳ ಮಾತನ್ನು ಎರಡು ಸಲ ಓದಿಸಿಕೊಂಡರು. ಒಂದೇ ಕಡೆ ತಂಗುವುದೆಂದು ತೀರ್ಮಾನಿಸಿದ್ದೇವೆ. ಆದರೆ ಏಜೆಂಟರು ದಾರಿಯಲ್ಲಿ ಒಂದು ದಿನ ಸಿಂಹದ ಮರಿಗಳನ್ನು ಎತ್ತಿಕೊಳ್ಳುವ, ಎಳೆಯ ಸಿಂಹಗಳ ಜೊತೆ ನಡೆಯುವ ಕಾರ್ಯಕ್ರಮವನ್ನೂ ಸೇರಿಸಿದ್ದಾರೆ. ಇದು ಸರಿಯೇ? ಹಾಗೆಯೇ, ಅತ್ತೆಯವರ ವಯಸ್ಸಿಗೆ ಬೆಳಗಿನ ಚಳಿಯಲ್ಲಿ ತೆರೆದ ವಾಹನ ಒಗ್ಗುತ್ತದೆಯೇ?

ಮಲ್ಲೇಶ್ವರದ ಕಾಡುಪ್ರೇಮಿ:

ಮರಿಗಳ ಕಾರ್ಯಕ್ರಮವನ್ನು ಖಂಡಿತ ತೆಗೆದುಹಾಕಿಸಿ. ಆ ದೇಶದಲ್ಲಿ ಕಾಡಿನಲ್ಲಿರುವುದಕ್ಕಿಂತ ಹೆಚ್ಚು ಸಿಂಹಗಳು ಸಾಕುಕೇಂದ್ರಗಳಲ್ಲಿ ಬಂಧಿಯಾಗಿವೆ. ಮನುಷ್ಯರ ಕೈಗೆ ಕೊಡಲೆಂದು ಮರಿಗಳನ್ನು ಎಳವೆಯಲ್ಲಿಯೇ ತಾಯಿಯಿಂದ ಬೇರ್ಪಡಿಸುತ್ತಾರೆ, ದೊಡ್ಡವಾದ ಮೇಲೆ ಅವು ಕಾಡಿಗೆ ಮರಳುವುದಿಲ್ಲ. ಅನೇಕವು ಬೇಲಿಯೊಳಗಿನ ಶಿಕಾರಿಗೆ, ಮೂಳೆಯ ವ್ಯಾಪಾರಕ್ಕೆ ಬಲಿಯಾಗಿವೆ. ಇಂಥ ಸಾಕಣೆಯನ್ನು ಕೊನೆಗೊಳಿಸುವುದಾಗಿ ಅಲ್ಲಿನ ಸರ್ಕಾರವೇ 2021ರಲ್ಲಿ ಪ್ರಕಟಿಸಿತು. ಸಿಂಹವನ್ನು ಮುಟ್ಟಲು ಬಿಡುವ ಯಾವ ಜಾಗವೂ ಕಾಡಿನ ಸಿಂಹಕ್ಕೆ ನೆರವಾಗುತ್ತಿಲ್ಲವೆಂದೇ ತಿಳಿಯಿರಿ. ನಿಜವಾದ ಅಭಯಾರಣ್ಯಗಳ ನಡವಳಿಕೆ ಇದಕ್ಕೆ ತದ್ವಿರುದ್ಧ: ಸಿಂಹದ ಬಳಿ ಎರಡು ಮೂರು ವಾಹನಗಳಿಗಿಂತ ಹೆಚ್ಚು ಸೇರದಂತೆ ರೇಡಿಯೋದಲ್ಲಿ ಸರದಿ ಕಾಯುತ್ತಾರೆ, ತೀರಾ ಎಳೆಯ ಮರಿಗಳನ್ನು ಬಚ್ಚಿಟ್ಟ ಜಾಗದ ಹತ್ತಿರ ಸುಳಿಯುವುದನ್ನೇ ತಪ್ಪಿಸುತ್ತಾರೆ. ವಾಹನದಲ್ಲಿ ಯಾರೂ ಎದ್ದು ನಿಲ್ಲಬಾರದು. ಕುಳಿತಿರುವವರೆಗೆ ಸಿಂಹಕ್ಕೆ ವಾಹನವೂ ನಾವೂ ಸೇರಿ ಒಂದೇ ಆಕಾರ, ಎದ್ದರೆ ಅದು ಮನುಷ್ಯನನ್ನು ಗುರುತಿಸಿಬಿಡುತ್ತದೆ.

ಜೆ.ಪಿ. ನಗರದ ವೈದ್ಯೆ:

ಆರೋಗ್ಯದ ವಿಷಯವನ್ನಷ್ಟೇ ಸೇರಿಸುತ್ತೇನೆ. ಜುಲೈ ಅಲ್ಲಿ ಒಣ ಚಳಿಗಾಲ. ಹುಲ್ಲು ಕುಗ್ಗಿ, ಪ್ರಾಣಿಗಳು ಉಳಿದ ನೀರಿನ ಸುತ್ತ ಸೇರುವುದರಿಂದ ಸಿಂಹ ಹುಡುಕಲು ಇದು ಒಳ್ಳೆಯ ಕಾಲ. ಮಲೇರಿಯಾದ ಭಯವೂ ಮಳೆಗಾಲಕ್ಕಿಂತ ಕಡಿಮೆ. ಆದರೆ ಭಯ ಪೂರ್ತಿ ಇಲ್ಲವೆಂದಲ್ಲ. ಸೊಳ್ಳೆಗಳು ಕಚ್ಚುವುದು ನೀವು ಸಿಂಹದ ಹಿಂದಿರುವ ಮುಸ್ಸಂಜೆ ಮತ್ತು ರಾತ್ರಿಯ ಹೊತ್ತಿನಲ್ಲಿಯೇ. ಆದ್ದರಿಂದ ಅತ್ತೆಯವರು ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯೊಂದಿಗೆ ನಿಮ್ಮ ವೈದ್ಯರನ್ನು ಕಂಡು ತಡೆಮಾತ್ರೆಯ ಬಗ್ಗೆ ಮೊದಲೇ ವಿಚಾರಿಸಿ. ವಿಮಾನ ಆಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರದ ಪ್ರಶ್ನೆ ಏಳುತ್ತದೆ. ಅರವತ್ತು ದಾಟಿದವರಿಗೆ ಆ ಲಸಿಕೆಯನ್ನು ಯೋಚಿಸಿಯೇ ಕೊಡಬೇಕಾಗಿರುವುದರಿಂದ, ಕೊಲ್ಲಿ ದೇಶಗಳ ಮೂಲಕ ಹೋಗುವ ವಿಮಾನವನ್ನು ಆರಿಸಿಕೊಳ್ಳುವುದೇ ಮೇಲು.

ಚಳಿಯನ್ನು ಹಗುರವಾಗಿ ಎಣಿಸಬೇಡಿ. ನಮ್ಮ ಬೆಂಗಳೂರಿನ ಜನವರಿಗಿಂತ ಆ ಬೆಳಗುಗಳು ತಣ್ಣಗಿರುತ್ತವೆ, ಮೇಲಾಗಿ ಓಡುವ ತೆರೆದ ವಾಹನದ ಗಾಳಿ ಮುಖಕ್ಕೆ ಹೊಡೆಯುತ್ತದೆ. ಕಿವಿ ಮುಚ್ಚುವ ಟೋಪಿ, ಕೈಗವಸು, ದಪ್ಪ ಸ್ವೆಟರ್ ಇರಲಿ. ಕಂಬಳಿ, ಬಿಸಿನೀರಿನ ಚೀಲಗಳನ್ನು ಬಹಳಷ್ಟು ಲಾಡ್ಜ್‌ಗಳು ತಾವೇ ಕೊಡುತ್ತವೆ. ಹಿಂದಿನ ಸಾಲುಗಳು ಎತ್ತರವಾಗಿದ್ದು ಹೆಚ್ಚು ಕುಲುಕುತ್ತವೆ, ದಾರಿ ಬಿಟ್ಟು ಪೊದೆಗಳ ಮೇಲೆ ಹೋಗುವಾಗ ಬೆನ್ನಿಗೆ ಪೆಟ್ಟು ಬೀಳುತ್ತದೆ. ಅತ್ತೆಯವರಿಗೆ ಚಾಲಕರ ಹಿಂದಿನ ಮೊದಲ ಸಾಲನ್ನೇ ಕಾದಿರಿಸುವಂತೆ, ಹತ್ತಲು ಮೆಟ್ಟಿಲುಪೀಠ ಇಡುವಂತೆ ಲಾಡ್ಜಿಗೆ ಈಗಲೇ ಬರೆಯಿರಿ. ಟ್ರ್ಯಾಕರ್ ತೋರಿಸುವ ಹೆಜ್ಜೆಗಳೂ ಆ ಸಾಲಿನಿಂದ ಚೆನ್ನಾಗಿ ಕಾಣುತ್ತವೆ.