ಸಾಲೊಮನ್ ದ್ವೀಪದವರು ಹಲಗೆ ಬಿಟ್ಟು ದಿಮ್ಮಿಯನ್ನೇ ಯಾಕೆ ಮಾರುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ಮಂಗಳೂರಲ್ಲಿ ನಮ್ಮದು ಚಿಕ್ಕ ಸಾಮಿಲ್. ಹೊರದೇಶದ ದಿಮ್ಮಿ ಕೊಯ್ಯುತ್ತೇವೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ದೊಡ್ಡ ರಫ್ತು ಮರ ಮತ್ತು ಮೀನು ಎಂದು ಓದಿದೆ. ಅಷ್ಟು ಮರ ಇರುವವರು ಅಲ್ಲೇ ಹಲಗೆ ಕೊಯ್ದು ಮಾರಬಹುದಲ್ವಾ?

ಉತ್ತರ (ರಫ್ತು–ಆಮದು ಸಲಹೆಗಾರ): ಸ್ವಲ್ಪ ಕೊಯ್ಯುತ್ತಾರೆ. ಆದರೆ ಸಾಮಿಲ್‌ಗೆ ಏನೇನು ಬೇಕು ಅಂತ ನಿಮಗೇ ಗೊತ್ತು. ಕರೆಂಟು, ಬ್ಲೇಡು, ರಿಪೇರಿಯವರು. ನೂರಾರು ದ್ವೀಪಗಳ ದೇಶದಲ್ಲಿ ಇದನ್ನೆಲ್ಲ ಹೊಂದಿಸುವುದು ಕಷ್ಟ. ದಿಮ್ಮಿಯನ್ನಾದರೆ ಕಡಲ ದಂಡೆಗೆ ಎಳೆದು ರಾಶಿ ಹಾಕಿದರೆ ಸಾಕು, ಹಡಗು ಅಲ್ಲಿಗೇ ಬರುತ್ತದೆ. ಹೆಚ್ಚಿನದು ಚೀನಾಕ್ಕೆ ಹೋಗುತ್ತದೆ.

ದಿಮ್ಮಿ ಮಾರಿದ ಹಣದ ಹಂಚಿಕೆ ನೋಡಿ. ಸುಮಾರಾಗಿ ನೂರಕ್ಕೆ 60 ಕಡಿಯುವ ಕಂಪನಿಗೆ, 25 ಸರ್ಕಾರದ ಸುಂಕಕ್ಕೆ, 15 ಜಮೀನಿನವರಿಗೆ. ಅಲ್ಲಿನ ಭೂಮಿಯ ಶೇ. 80ಕ್ಕೂ ಹೆಚ್ಚು ಕುಲಗಳ ಸ್ವತ್ತು. ಆದರೂ ಅವರಿಗೇ ಕಡಿಮೆ ಪಾಲು! ಅದೂ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ ನಾಲ್ಕು ಜನರ ಕೈಯಲ್ಲೇ ಉಳಿದು, ಊರಲ್ಲಿ ಜಗಳ ಆಗುತ್ತದೆ. ಇದನ್ನು ನೆನೆದರೆ ನನಗೆ ತುಂಬಾ ಬೇಜಾರು. ಕಾಡು ಹಾಳಾಗದಂತೆ ವರ್ಷಕ್ಕೆ ಕಡಿಯಬಹುದಾದ ಮರ ಸುಮಾರು 3 ಲಕ್ಷ ಕ್ಯೂಬಿಕ್ ಮೀಟರ್ ಎಂಬ ಲೆಕ್ಕವಿತ್ತು. 2017ರಲ್ಲಿ 25 ಲಕ್ಷಕ್ಕೂ ಜಾಸ್ತಿ ಹೊರಗೆ ಹೋಯಿತು.

ಪ್ರಶ್ನೆ: ಮೀನಿನ ಕತೆಯೂ ಇದೇನಾ ಸರ್?

ಉತ್ತರ: ಅಲ್ಲ, ಅಲ್ಲಿ ಕೆಲಸ ಊರಲ್ಲೇ ಉಳಿದಿದೆ. ನೊರೊ ಎಂಬ ಬಂದರಿನಲ್ಲಿ ಟ್ಯೂನ ಕಾರ್ಖಾನೆ ಇದೆ. ಟ್ಯೂನ ಅಂದರೆ ನಮ್ಮ ಕರಾವಳಿಯ ಕೇದರ್ ಜಾತಿ. ಮೀನು ಬೇಯಿಸಿ, ಚರ್ಮ ಮುಳ್ಳು ತೆಗೆದು, ಬರೀ ಮಾಂಸವನ್ನು ಹೆಪ್ಪುಗಟ್ಟಿಸಿ ಇಟಲಿಗೆ ಕಳಿಸುತ್ತಾರೆ. ಡಬ್ಬಿ ಮೀನೂ ಮಾಡುತ್ತಾರೆ. ಕೆಲಸಗಾರರಲ್ಲಿ ಹೆಂಗಸರೇ ಜಾಸ್ತಿ.

ಹೊರದೇಶದ ಹಡಗುಗಳೂ ಸುಮ್ನೆ ಬಲೆ ಬೀಸುವ ಹಾಗಿಲ್ಲ. ಸಾಲೊಮನ್ ಸೇರಿ ಪೆಸಿಫಿಕ್‌ನ 8 ದೇಶಗಳು ಒಂದಾಗಿ, ಹಿಡಿಯುವ ದಿನಗಳನ್ನೇ ಎಣಿಸಿ ಮಾರುತ್ತವೆ. ಒಂದು ದಿನಕ್ಕೆ ಕನಿಷ್ಠ 8,000 ಡಾಲರ್ ಎಂದು ಗೊತ್ತುಮಾಡಿಕೊಂಡಿದ್ದವು. ಒಬ್ಬೊಬ್ಬರೇ ಚೌಕಾಸಿಗೆ ಕೂತಿದ್ದರೆ ಇಷ್ಟು ದರ ಸಿಗುತ್ತಿರಲಿಲ್ಲ. ದಿಮ್ಮಿಗೆ ಇಂಥ ಒಗ್ಗಟ್ಟು ಮೂಡಲಿಲ್ಲ.

ಆ ಕಡೆಯ ದಿಮ್ಮಿ ನಿಮ್ಮಲ್ಲಿಗೆ ಬಂದರೆ ಯಾವ ದ್ವೀಪದ್ದು, ಯಾರ ಒಪ್ಪಿಗೆ ಇದೆ ಅಂತ ಕಾಗದ ಕೇಳಿ. ದಯವಿಟ್ಟು ಕೇಳಿ.