ಹಿಮಕಾಲದ ಜಪಾನ್ ಬಸ್ ಪ್ರವಾಸಕ್ಕೆ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ, ರಾಯಚೂರಿನಿಂದ:
ನಮ್ಮ ಬಿಸಿಲಿಗೆ ಒಗ್ಗಿಕೊಂಡ 66 ವರ್ಷದ ಅಮ್ಮನನ್ನು ಜನವರಿಯಲ್ಲಿ ತಕಾಯಾಮಾ, ಶಿರಾಕಾವಾ-ಗೋ, ಕನಾಜಾವಾಗಳ ಬಸ್ ಪ್ರವಾಸಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಅವರು ಸಸ್ಯಾಹಾರಿ, ಮೊಣಕಾಲು ನೋವೂ ಇದೆ. ತಾತೆಯಾಮಾದ ಬೆಟ್ಟದಾರಿಯ ಎರಡೂ ಬದಿ ಎತ್ತರವಾಗಿ ನಿಲ್ಲುವ ಹಿಮಗೋಡೆಯನ್ನೂ ನೋಡುವ ಆಸೆ ಅವರಿಗಿದೆ. ಹೋಗಿಬಂದವರು ದಯವಿಟ್ಟು ತಿಳಿಸಿರಿ.

ಉತ್ತರ, ಬಳ್ಳಾರಿಯಿಂದ:
ಧೈರ್ಯವಾಗಿ ಕರೆದೊಯ್ಯಿರಿ ಅಕ್ಕಾ, ಆದರೆ ಜಾರದ ಬೂಟುಗಳನ್ನು ಮರೆಯಬೇಡಿ. ಬಸ್ಸಿನೊಳಗೆ ಬೆಚ್ಚಗಿರುತ್ತದೆ, ಕಷ್ಟವೆಲ್ಲ ಇಳಿದ ಮೇಲೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಕಾಲಿಟ್ಟಾಗ. 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಶಿರಾಕಾವಾ-ಗೋದ ಹುಲ್ಲು ಹೊದಿಸಿದ ಚಾವಣಿಗಳು, ಹಿಮದ ಭಾರ ನಿಲ್ಲದೆ ಜಾರಿಹೋಗಲೆಂದು, ಮುಗಿದ ಕೈಗಳಂತೆ ಕಡಿದಾಗಿವೆ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಅಟ್ಟದಲ್ಲಿ, ಒಲೆಯ ಹೊಗೆಗೆ ಕಪ್ಪಾದ ತೊಲೆಗಳನ್ನೂ ಅವುಗಳನ್ನು ಬಿಗಿದ ಹಗ್ಗಗಳನ್ನೂ ನಮ್ಮ ತಾಯಿಯವರು ಮುಟ್ಟಿ ಮುಟ್ಟಿ ನೋಡಿದರು. ಆ ಸಂತೋಷವನ್ನು ನಾನು ಮರೆಯಲಾರೆ.

ಉತ್ತರ, ಕೊಪ್ಪಳದಿಂದ:
ಬರೀ ತರಕಾರಿಯಂತೆ ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ‘ದಾಶಿ’ ಎಂಬ, ಒಣಮೀನಿನಿಂದ ತೆಗೆದ ರಸವಿರುತ್ತದೆ. ಆದ್ದರಿಂದ ಸಂಘಟಕರಿಗೆ ಮುಂಚೆಯೇ ಬರೆದು ತಿಳಿಸಿ, ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿರಿ. ತಾತೆಯಾಮಾದ ಹಿಮಗೋಡೆಯ ದಾರಿ ಚಳಿಗಾಲವಿಡೀ ಮುಚ್ಚಿದ್ದು, ಏಪ್ರಿಲ್ ಮಧ್ಯಭಾಗದಲ್ಲಿ ತೆರೆಯುತ್ತದೆ. ಅದನ್ನೇ ನೋಡಬೇಕಿದ್ದರೆ ಜನವರಿ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ಏಪ್ರಿಲ್ ಕೊನೆಯ ವಾರವನ್ನೇ ವಿಚಾರಿಸುತ್ತೇನೆ.