ಅಮ್ಮನ ಕಾಲಿನ ಬಾವು, ಎರಡನೆಯ ಬಿ.ಪಿ. ಮಾತ್ರೆ: ಇವುಗಳ ಕೆಲಸ ಬೇರೆ ಬೇರೆಯೇ?

ಮಾನ್ವಿಯ ಶಿಕ್ಷಕ:
63 ವರ್ಷದ ನಮ್ಮ ತಾಯಿಯವರಿಗೆ ಬಿ.ಪಿ.ಗೆ (ರಕ್ತದೊತ್ತಡಕ್ಕೆ) ಕೊಡುತ್ತಿದ್ದ ಅಮ್ಲೋಡಿಪಿನ್ ಮಾತ್ರೆಯನ್ನು 5ರಿಂದ 10 ಮಿಲಿಗ್ರಾಂಗೆ ಏರಿಸಿದ ಮೇಲೆ ಸಂಜೆಯ ಹೊತ್ತಿಗೆ ಎರಡೂ ಪಾದಗಳು ಬಾತುಕೊಳ್ಳತೊಡಗಿದವು. ರಾಯಚೂರಿನ ವೈದ್ಯರು ಅದನ್ನು ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟಾನ್ 40 ಬರೆದುಕೊಟ್ಟಿದ್ದಾರೆ. ಕಾಲಿನಲ್ಲಿ ನೀರು ತುಂಬಿದ್ದರೆ ಮೂತ್ರ ಹೋಗುವ ಮಾತ್ರೆಯನ್ನಲ್ಲವೇ ಕೊಡಬೇಕಾದದ್ದು? ತಂದೆಯವರು ತೆಗೆದುಕೊಳ್ಳುವುದು ಅಟೆನೊಲಾಲ್. ಎಲ್ಲವೂ ಒತ್ತಡ ಇಳಿಸುವ ಮಾತ್ರೆಗಳೇ ಆಗಿರುವಾಗ ಇಷ್ಟು ಬಗೆಗಳೇಕೆ ಎಂದು ತಿಳಿದವರು ವಿವರಿಸಬೇಕು.

ವೈದ್ಯೆ, ಬಳ್ಳಾರಿ:
ಮಾಸ್ತರರೇ, ನಿಮ್ಮ ಸಂಶಯ ಸಹಜವಾದದ್ದು, ಆದರೆ ಈ ಬಾವು ದೇಹದಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಬಿಗಿಯಬೇಕಾದರೆ ಅದರ ಜೀವಕೋಶಗಳೊಳಕ್ಕೆ ಕ್ಯಾಲ್ಸಿಯಂ ಹೋಗಬೇಕು; ಅಮ್ಲೋಡಿಪಿನ್ ಆ ದಾರಿಯನ್ನು ತಡೆಯುವುದರಿಂದ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. (ಹಾಗಾದರೆ ಹಾಲು ಬಿಡಬೇಕೇ ಎಂದು ಕೇಳುವವರಿದ್ದಾರೆ, ಬೇಕಿಲ್ಲ.) ಆದರೆ ಅದು ಸಡಿಲಿಸುವುದು ಮುಖ್ಯವಾಗಿ ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳನ್ನು, ಅದನ್ನು ಹಿಂದಕ್ಕೆ ತರುವ ಅಭಿಧಮನಿಗಳನ್ನಲ್ಲ. ಒಳಬರುವ ದಾರಿ ಅಗಲವಾಗಿ ಹೊರಹೋಗುವ ದಾರಿ ಹಾಗೆಯೇ ಉಳಿದಾಗ, ನಡುವಿನ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ದ್ರವ ಹೊರಕ್ಕೆ ಜಿನುಗುತ್ತದೆ. ಮೂತ್ರ ಹೋಗುವ ಮಾತ್ರೆಯಿಂದ ಇದಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಟೆಲ್ಮಿಸಾರ್ಟಾನ್‌ನ ದಾರಿ ಬೇರೆ. ಮೂತ್ರಪಿಂಡದಿಂದ ಹೊರಡುವ ರೆನಿನ್ ಎಂಬ ಕಿಣ್ವ ಹಲವು ಹಂತಗಳ ಮೂಲಕ ಆಂಜಿಯೋಟೆನ್ಸಿನ್ 2 ಎಂಬ ವಸ್ತುವನ್ನು ಹುಟ್ಟಿಸುತ್ತದೆ. ಅದು ನಾಳಗಳನ್ನು ಬಿಗಿದು, ಉಪ್ಪು ಮೂತ್ರದಲ್ಲಿ ಹೋಗದಂತೆ ಹಿಡಿದಿಡುತ್ತದೆ. ಟೆಲ್ಮಿಸಾರ್ಟಾನ್ ಅದು ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ. ಇದರಿಂದ ಅಭಿಧಮನಿಗಳೂ ಸಡಿಲಗೊಳ್ಳುವುದರಿಂದ ಕಾಲಿನ ಬಾವು ತಗ್ಗುತ್ತದೆ. ನಿಮ್ಮ ವೈದ್ಯರ ಆಯ್ಕೆ ಸರಿಯಾಗಿಯೇ ಇದೆ. ರಾಮಿಪ್ರಿಲ್, ಎನಲಾಪ್ರಿಲ್ ಮಾತ್ರೆಗಳು ಆ ವಸ್ತು ತಯಾರಾಗುವುದನ್ನೇ ತಡೆಯುತ್ತವೆ. ಅವುಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಈ ಗುಂಪಿನ ಮೊದಲನೆಯದಾದ ಕ್ಯಾಪ್ಟೋಪ್ರಿಲ್ ರೂಪುಗೊಂಡದ್ದು ಬ್ರೆಜಿಲ್‌ನ ಒಂದು ಹಾವಿನ ವಿಷದ ಅಧ್ಯಯನದಿಂದ.

ತಂದೆಯವರ ಅಟೆನೊಲಾಲ್ ಹೃದಯದ ಮೇಲೆ ಅಡ್ರಿನಲಿನ್‌ನ ಪ್ರಭಾವವನ್ನು ತಡೆದು ಬಡಿತವನ್ನು ನಿಧಾನಗೊಳಿಸುತ್ತದೆ. ಈಗ ಬರಿಯ ಬಿ.ಪಿ.ಗೆ ಇದನ್ನು ಮೊದಲ ಆಯ್ಕೆಯಾಗಿ ಬರೆಯುವುದು ಕಡಿಮೆ. ಎದೆನೋವು ಅಥವಾ ಹಿಂದೆ ಹೃದಯಾಘಾತವಾಗಿದ್ದರೆ ಮಾತು ಬೇರೆ. ಇದನ್ನು ಏಕಾಏಕಿ ನಿಲ್ಲಿಸಬಾರದು.

ಔಷಧ ಅಂಗಡಿಯವನು, ರಾಯಚೂರು:
ಮೇಡಂ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಮೂತ್ರ ಹೋಗುವ ಮಾತ್ರೆಗಳಲ್ಲಿ ಬಿ.ಪಿ.ಗೆ ಹೆಚ್ಚಾಗಿ ಬಳಸುವ ಕ್ಲೋರ್ಥಾಲಿಡೋನ್ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ನಮ್ಮ ಬೇಸಿಗೆಯಲ್ಲಿ ವಾಂತಿ ಭೇದಿಯಾದಾಗ, ಇದನ್ನಾಗಲಿ ಟೆಲ್ಮಿಸಾರ್ಟಾನ್ ಅನ್ನಾಗಲಿ ತೆಗೆದುಕೊಳ್ಳುವವರು ಅದೇ ದಿನ ವೈದ್ಯರನ್ನು ಕೇಳಬೇಕು. ಮೊಣಕಾಲು ನೋವಿಗೆಂದು ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಕೇಳುವವರು ನನ್ನ ಅಂಗಡಿಗೆ ದಿನವೂ ಬರುತ್ತಾರೆ, ಅದು ಬಿ.ಪಿ.ಯನ್ನು ಏರಿಸುವುದಲ್ಲದೆ, ಈ ಮಾತ್ರೆಗಳ ಜೊತೆ ಸೇರಿದಾಗ ಮೂತ್ರಪಿಂಡಕ್ಕೂ ಹೊರೆಯಾಗುತ್ತದೆ. ಇನ್ನೊಂದು, ಮನೆಯಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪು ಬಳಸುತ್ತಿದ್ದೀರಾ? ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು.

ಮಾನ್ವಿಯ ಶಿಕ್ಷಕ:
ಇಬ್ಬರಿಗೂ ಧನ್ಯವಾದಗಳು. ಬಿ.ಪಿ.ಗೆ ಒಳ್ಳೆಯದೆಂದು ಆ ಉಪ್ಪನ್ನು ಕಳೆದ ತಿಂಗಳು ನಾನೇ ತಂದಿದ್ದೆ. ಸೋಮವಾರ ತಾಯಿಯವರನ್ನು ಕರೆದುಕೊಂಡು ಹೋಗುವಾಗ ಆ ಪೊಟ್ಟಣವನ್ನೂ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಬೇಕೇ ಎಂದು ಕೇಳುತ್ತೇನೆ.